ನಮ್ಮ ಸಿಲ್ವರ್ ಮರಗಳ ತವರಿನಿಂದ

ಬ್ರಿಸ್ಬೇನ್,
ನವೆಂಬರ್ 12

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ. ನಾವಿಬ್ಬರೂ ಇಲ್ಲಿ ಆರೋಗ್ಯವಾಗಿದ್ದೇವೆ. ಅರೇಬಿಕಾ ಹಣ್ಣಾಗತೊಡಗಿದೆಯೆಂದೂ ಕುಯ್ಲಿಗೆ ಜನ ಸಿಗುವುದು ಈ ಸಲವೂ ಕಷ್ಟವೆಂದೂ ಅಣ್ಣ ಹೇಳಿದ. ಆ ಗಡಿಬಿಡಿಯಲ್ಲಿ ಇಷ್ಟುದ್ದದ ಪತ್ರ ಓದಲು ನಿಮಗೆ ಪುರುಸೊತ್ತಾಗುವುದು ರಾತ್ರಿ ಊಟದ ನಂತರವೇ ಇರಬೇಕು. ನಾಯಿ ತಿರುಗಾಡಿಸಲು ಹೋದವಳು ದಿನವೂ ಕಂಡವರ ಬೇಲಿಯ ಹೂವಿನ ಫೋಟೊ ಏಕೆ ಕಳುಹಿಸುತ್ತೀಯೆ ಎಂದು ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ವಾಟ್ಸ್ಯಾಪಿನ ಎರಡು ಸಾಲು ಸಾಲದೆನಿಸಿತು. ಅದಕ್ಕಾಗಿ ಕೆಲವು ಫೋಟೊಗಳನ್ನು ಪ್ರಿಂಟ್ ಹಾಕಿಸಿ ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಒಂದೊಂದರ ಹಿಂದೆಯೂ ಗಿಡದ ಹೆಸರು ಬರೆದಿದೆ.

ಇಲ್ಲಿ ಈಗ ಬೇಸಿಗೆ ಹತ್ತಿರವಾಗುತ್ತಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಈ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದವರು ಮಾತ್ರ 1992ರಲ್ಲಿ ಜನಮತ ನಡೆಸಿ ಆ ಉಸಾಬರಿಯೇ ಬೇಡವೆಂದು ತೀರ್ಮಾನಿಸಿದ್ದರಿಂದ, ನಮ್ಮಲ್ಲಿ ಬೆಳಗಿನ ಐದಕ್ಕೆ ಮೊದಲೇ ಸೂರ್ಯ ಮೇಲೆ ಬಂದಿರುತ್ತಾನೆ. ಏಳು ಗಂಟೆಗೆಲ್ಲ ಬಿಸಿಲು ಚುರುಗುಟ್ಟುವುದರಿಂದ ನಾಯಿ ಸಾಕಿದವರೆಲ್ಲ ಐದೂವರೆಗೆ ಬೀದಿಯಲ್ಲಿರುತ್ತಾರೆ. ಫೋಟೊ ತೆಗೆಯುವುದಕ್ಕೂ ಅದೇ ಹೊತ್ತು ಒಳ್ಳೆಯದು, ಏಕೆಂದರೆ ಆಗ ಗಾಳಿ ಇನ್ನೂ ಎದ್ದಿರುವುದಿಲ್ಲ ಮತ್ತು ಬೆಳಕು ಓರೆಯಾಗಿ ಬಿದ್ದು ಹೂವಿನ ಒಳಗಿನ ಗೆರೆಗಳೂ ಕಾಣುತ್ತವೆ. ಕೆಂಚ ಪ್ರತಿಯೊಂದು ಕಂಬದ ಬುಡದಲ್ಲಿಯೂ ನಿಂತು ಮೂಸುತ್ತಾನೆ, ನಾನು ಪ್ರತಿಯೊಂದು ಗಿಡದ ಮುಂದೆಯೂ ನಿಲ್ಲುತ್ತೇನೆ, ಹೀಗಾಗಿ ನಮ್ಮಿಬ್ಬರಲ್ಲಿ ಯಾರು ಯಾರನ್ನು ಕಾಯುತ್ತಿದ್ದೇವೆಂಬ ತಕರಾರು ಇಲ್ಲ. ಅವನ ಹಗ್ಗವನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಫೋನಿಗೆ ಸಿಗುತ್ತವೆ. ನಾಯಿ ಮಾಡಿದ್ದನ್ನು ಚೀಲದಲ್ಲಿ ಎತ್ತಿಕೊಂಡು ಬರಬೇಕೆಂಬುದು ಇಲ್ಲಿಯ ಕಾನೂನು. ಇದೊಂದನ್ನು ಅಜ್ಜಿಗೆ ಓದಿ ಹೇಳಬೇಡಿ.

ಇನ್ನು ವಿಷಯಕ್ಕೆ ಬರುತ್ತೇನೆ. ಮೊದಲ ಫೋಟೊ ನಿಮಗೆ ಗೊತ್ತಿರುವ ಮರದ್ದೇ, ಆದರೆ ಬಹುಶಃ ನೀವು ಅದನ್ನು ಈ ರೂಪದಲ್ಲಿ ನೋಡಿಲ್ಲ. ಅದು ನಮ್ಮ ಸಿಲ್ವರ್, ಅಂದರೆ ಸಿಲ್ವರ್ ಓಕ್. ನೆರಳಿಗೆಂದು ತೋಟದ ತುಂಬ ನೆಟ್ಟು, ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿಸಿ, ವರ್ಷವರ್ಷವೂ ಮರಗಸಿಯಲ್ಲಿ ಕೊಂಬೆ ಸವರಿಸಿಕೊಂಡು ಕಂಬದಂತೆ ನೆಟ್ಟಗೆ ಬೆಳೆಯುವ ಆ ಮರದ ಹುಟ್ಟೂರು ಈ ಸೀಮೆ. ನ್ಯೂ ಸೌತ್ ವೇಲ್ಸ್‌ನ ಉತ್ತರ ಕರಾವಳಿಯಿಂದ ಕ್ವೀನ್ಸ್‌ಲ್ಯಾಂಡಿನ ಆಗ್ನೇಯ ಭಾಗದವರೆಗೆ ಹೊಳೆದಂಡೆಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಇಂಗ್ಲಿಷರ ಕಾಲದಲ್ಲಿ ಕಾಫಿ, ಟೀ ತೋಟಗಳ ನೆರಳಿಗೆಂದು ಹಡಗಿನಲ್ಲಿ ಬಂದದ್ದು ನಮ್ಮಲ್ಲಿಯೇ ಬೇರೂರಿತು. ಚಿಕ್ಕಂದಿನಿಂದ ಅದರ ತರಗೆಲೆಯ ಮೇಲೆ ಜಾರಿ ಬಿದ್ದು ಬೆಳೆದ ನನಗೆ ಅದು ಮತ್ತಿ, ನಂದಿಗಳ ಹಾಗೆ ನಮ್ಮ ಕಾಡಿನದೇ ಆಗಿತ್ತು. ಇಲ್ಲಿಯ ಬೀದಿಯಲ್ಲಿ ಯಾರೂ ಅದರ ಕೊಂಬೆಯನ್ನು ಕಡಿಯುವುದಿಲ್ಲ. ಆದ್ದರಿಂದ ಅದು ಸುತ್ತಲೂ ಕೈ ಚಾಚಿ ನಿಂತಿರುತ್ತದೆ, ಹೂ ಬಿಡುವ ಮುಂಚೆ ಹಳೆಯ ಎಲೆಗಳನ್ನು ಬಹುಮಟ್ಟಿಗೆ ಉದುರಿಸಿಬಿಡುತ್ತದೆ, ಆಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಇಡೀ ಮರ ಅರಿಶಿನವೂ ಅಲ್ಲದ ಕೇಸರಿಯೂ ಅಲ್ಲದ ಒಂದು ಬಣ್ಣಕ್ಕೆ ತಿರುಗುತ್ತದೆ.

ಎರಡನೆಯ ಫೋಟೊ ಅದೇ ಹೂವನ್ನು ತೀರ ಹತ್ತಿರದಿಂದ ತೆಗೆದದ್ದು. ಒಬ್ಬರ ಮನೆಯ ಕಾಂಪೌಂಡಿನಿಂದ ಕಾಲುದಾರಿಯ ಮೇಲೆ ಬಾಗಿದ ಕೊಂಬೆಯೊಂದು ನನ್ನ ಮುಖದ ಎತ್ತರಕ್ಕೇ ಇದ್ದುದರಿಂದ ಇದು ಸಾಧ್ಯವಾಯಿತು. ಗೊಂಚಲು ಅಂಗೈಯುದ್ದದ ಬಾಚಣಿಗೆಯ ಹಾಗಿದೆ. ಹೂಗಳೆಲ್ಲ ಕಡ್ಡಿಯ ಒಂದೇ ಮಗ್ಗುಲಿಗೆ ಸಾಲಾಗಿ ನಿಂತಿರುವುದನ್ನು ಗಮನಿಸಿ. ಎಡಗಡೆ ಇನ್ನೂ ಅರಳುತ್ತಿರುವವುಗಳಲ್ಲಿ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ. ಹೂವಿನ ನಡುವಿನ ಶಲಾಕೆ ಉದ್ದವಾಗುತ್ತ ಮೊಗ್ಗಿನ ಸೀಳಿನಿಂದ ಹೊರಗೆ ಬಾಗಿಬಂದಿದ್ದರೂ ಅದರ ತುದಿ ಇನ್ನೂ ಒಳಗೇ ಸಿಕ್ಕಿಕೊಂಡಿರುವುದರಿಂದ ಹೀಗಾಗುತ್ತದೆ. ಮೊಗ್ಗು ಬಿರಿಯುವ ಮುಂಚೆಯೇ ಪರಾಗವೆಲ್ಲ ಆ ತುದಿಗೆ ಮೆತ್ತಿಕೊಂಡಿರುತ್ತದೆ. ತುದಿ ಬಿಡಿಸಿಕೊಂಡು ನೆಟ್ಟಗಾದ ಮೇಲೆ, ಬುಡದ ಮಕರಂದಕ್ಕೆ ತಲೆ ತೂರಿಸುವ ಹಕ್ಕಿಯ ಹಣೆಗೆ ಅದು ಪರಾಗ ಬಳಿಯುತ್ತದೆ. ಬಲಗಡೆ ನೆಟ್ಟಗಾದ ಕಡ್ಡಿಗಳು, ಎಡಗಡೆ ಕುಣಿಕೆಗಳು, ನಡುವೆ ಬಿಡಿಸಿಕೊಳ್ಳುವ ಹಂತದ ಒಂದೆರಡು: ಇಷ್ಟೂ ಒಂದೇ ಚಿತ್ರದಲ್ಲಿ ಸಿಕ್ಕಿದ್ದು ನನಗೆ ಹೆಮ್ಮೆಯೆನಿಸಿದೆ. ಕೆಂಚ ಅಷ್ಟು ಹೊತ್ತು ಅಲುಗದೆ ನಿಂತದ್ದಕ್ಕೆ ಬೇರೆ ಕಾರಣವಿತ್ತು, ಎದುರುಮನೆಯ ಬೆಕ್ಕು ಗೋಡೆಯ ಮೇಲೆ ಕುಳಿತಿತ್ತು.

ಈ ಹೂವಿಗೆ ಬರುವವು ಮುಖ್ಯವಾಗಿ ಲೊರಿಕೀಟ್ ಎಂಬ ಗಿಣಿಗಳು. ತಲೆ ನೀಲಿ, ಎದೆ ಕಿತ್ತಳೆ, ಬೆನ್ನು ಹಸಿರು. ನಮ್ಮ ಗಿಣಿಗಿಂತ ಗಲಾಟೆ ಎರಡು ಪಾಲು ಹೆಚ್ಚು. ಕಾಳು ಒಡೆದು ತಿನ್ನುವುದಕ್ಕಿಂತ ಮಕರಂದ ನೆಕ್ಕುವುದೇ ಇವುಗಳ ಮುಖ್ಯ ಕಸುಬಾದ್ದರಿಂದ ನಾಲಗೆಯ ತುದಿಯಲ್ಲಿ ಕೂದಲಿನಂಥ ಸಣ್ಣ ಎಳೆಗಳಿರುತ್ತವೆ. ಆ ಎಳೆಗಳು ನನ್ನ ಫೋನಿನಲ್ಲಿ ಸಿಕ್ಕಿಲ್ಲ, ಸಿಗುವಂಥವೂ ಅಲ್ಲ. ಬೆಳಿಗ್ಗೆ ಮರದ ಕೆಳಗೆ ನಿಂತರೆ ಮಕರಂದ, ಮುರಿದ ಹೂವು, ಹಕ್ಕಿಗಳ ಕಿರುಚಾಟ ಮೂರೂ ತಲೆಯ ಮೇಲೆಯೇ ಬೀಳುತ್ತವೆ. ಕೆಲವರಿಗೆ ಈ ಹೂವಿನ ರಸ ತಾಗಿದರೆ ಚರ್ಮ ಕೆಂಪಾಗಿ ತುರಿಸುತ್ತದೆ, ಆದ್ದರಿಂದ ಬರಿಗೈಯಲ್ಲಿ ಗೊಂಚಲನ್ನು ಹಿಡಿದು ತಿರುಗಿಸಬಾರದು.

ಮೂರನೆಯದನ್ನು ನೋಡಿ ನೀವು ಹುಬ್ಬುಗಂಟಿಕ್ಕುತ್ತೀರೆಂದು ಗೊತ್ತು, ಏಕೆಂದರೆ ಅದು ನೀಲಗಿರಿ. ಕೋಲಾರದ ಕಡೆ ಎಲ್ಲಿ ನೋಡಿದರೂ ಕಾಣುವ ನೀಲಗಿರಿ ತೋಪುಗಳಿಗೆ ಅರಣ್ಯ ಇಲಾಖೆಯವರು ಮೈಸೂರು ಗಮ್ ಎನ್ನುತ್ತಾರೆ. ಅದರ ಮೂಲ ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ಮೇಲೆ ನೆಡಿಸಿದ ಗಿಡಗಳೆಂದು ಹೇಳುತ್ತ ಬಂದಿದ್ದಾರೆ. ಅದು ಬಹುಪಾಲು ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಎಂಬ ಜಾತಿ, ಮತ್ತು ಆ ಜಾತಿಯ ಮುದಿ ಮರವೊಂದು ನಮ್ಮ ಮನೆಯ ಹತ್ತಿರದ ಹಳ್ಳದ ದಂಡೆಯಲ್ಲಿದೆ. ನಮ್ಮಲ್ಲಿ ಏಳೆಂಟು ವರ್ಷಕ್ಕೆ ಕಡಿದು, ಬೊಡ್ಡೆಯಿಂದ ಚಿಗುರಿಸಿ, ಮತ್ತೆ ಕಡಿಯುವುದರಿಂದ ಅದು ಎಂದೂ ಪೂರ್ತಿ ಮರವಾಗುವುದೇ ಇಲ್ಲ. ಇಲ್ಲಿಯದು ಇಬ್ಬರು ಕೈಕೈ ಹಿಡಿದರೂ ಅಪ್ಪಿಗೆ ಸಿಗುವುದಿಲ್ಲ. ತೊಗಟೆ ಹಾಳೆಹಾಳೆಯಾಗಿ ಕಳಚಿ, ಕೆಳಗೆ ಬಿಳಿ ಮತ್ತು ಬೂದುನೀಲಿಯ ನುಣುಪಾದ ಮೈ ಕಾಣುತ್ತದೆ. ಮುರಿದ ಕೊಂಬೆಗಳ ಪೊಟರೆಗಳಲ್ಲಿ ಗಿಣಿಗಳು ಗೂಡು ಮಾಡುತ್ತವೆ. ಕೊಆಲಾಗಳಿಗೆ ಇದರ ಎಲೆ ಬಲು ಇಷ್ಟದ ಆಹಾರ, ಮತ್ತು ಆ ಪ್ರಾಣಿಯನ್ನು 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಈ ರಾಜ್ಯದಲ್ಲಿಯೂ ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಹಳೆಯ ಮರಗಳಿಗೆ ಬೆಲೆ ಇನ್ನೂ ಹೆಚ್ಚಿದೆ. ಅಂತರ್ಜಲ ಹೀರುತ್ತದೆಂದು ನಮ್ಮ ರಾಜ್ಯದಲ್ಲಿ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಷೇಧಿಸಿದ ಮರ ಇಲ್ಲಿ ಕಡಿಯಬೇಡಿರೆಂದು ಜನ ಕಾಯುವ ಮರ. ಕೋಲಾರದ ರೈತರ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಎಕರೆಗಟ್ಟಲೆ ಒತ್ತೊತ್ತಾಗಿ ನೆಟ್ಟವರ ತಪ್ಪನ್ನು ಮರದ ತಲೆಗೆ ಕಟ್ಟಿದ್ದೇವೆಂಬುದಷ್ಟೇ ನನ್ನ ಅಭಿಪ್ರಾಯ.

ಅದರ ಹೂವು ಬಹಳ ಎತ್ತರದಲ್ಲಿರುವುದರಿಂದ ನಾನು ಗಾಳಿಮಳೆಯ ಮರುದಿನಕ್ಕಾಗಿ ಕಾಯಬೇಕಾಯಿತು. ಹುಲ್ಲಿನ ಮೇಲೆ ಮುರಿದು ಬಿದ್ದ ರೆಂಬೆಯಲ್ಲಿ ಮೊಗ್ಗುಗಳಿಗೆ ಚೂಪಾದ ಟೊಪ್ಪಿಗೆಗಳಿದ್ದವು. ಅರಳುವಾಗ ಆ ಟೊಪ್ಪಿ ಇಡಿಯಾಗಿ ಕಳಚಿ ಬಿದ್ದು, ಒಳಗೆ ಮಡಿಸಿಕೊಂಡಿದ್ದ ಬಿಳಿಯ ಕೇಸರಗಳು ಸುತ್ತಲೂ ಬಿಚ್ಚಿಕೊಳ್ಳುತ್ತವೆ. ಎಸಳೆಂಬುದು ಬೇರೆಯಾಗಿ ಕಾಣುವುದೇ ಇಲ್ಲ. ಫೋಟೊದ ಕೆಳಮೂಲೆಯಲ್ಲಿ ಕಾಣುವ ಒದ್ದೆ ಮೂಗು ಕೆಂಚನದು, ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಜಕರಾಂಡದ ಫೋಟೊಗಳು ಅಮ್ಮನಿಗಾಗಿ, ಅವರಿಗೆ ಆ ಬಣ್ಣ ಇಷ್ಟ. ಬೆಂಗಳೂರಿನಲ್ಲಿ ಅದು ಶಿವರಾತ್ರಿಯ ಆಸುಪಾಸಿಗೆ ಅರಳಿದರೆ ಇಲ್ಲಿ ದೀಪಾವಳಿಯ ಹೊತ್ತಿಗೆ ಅರಳುತ್ತದೆ. ಎರಡೂ ಕಡೆ ಅದು ದಕ್ಷಿಣ ಅಮೆರಿಕದಿಂದ ಬಂದ ನೆಂಟ. ಇಲ್ಲಿಯ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ವಾಲ್ಟರ್ ಹಿಲ್ ಎಂಬಾತ 1864ರಲ್ಲಿ ಬ್ರಿಸ್ಬೇನಿನ ಮೊದಲ ಜಕರಾಂಡವನ್ನು ನೆಟ್ಟ. ಆ ಮರ 1979ರ ಬಿರುಗಾಳಿಗೆ ಉರುಳಿತಾದರೂ ಅಷ್ಟರಲ್ಲಿ ಊರಿಗೆ ಊರೇ ನೇರಳೆಯಾಗಿತ್ತು. ವಿಶ್ವವಿದ್ಯಾಲಯದ ಹುಡುಗರಿಗೆ ಈ ಹೂವು ಕಂಡರೆ ಎದೆ ಢವಢವ, ವರ್ಷದ ಕೊನೆಯ ಪರೀಕ್ಷೆಗಳು ಇದೇ ಸಮಯಕ್ಕೆ ಬರುತ್ತವೆ. ನನಗೇನೋ ಅದು ಸ್ವಲ್ಪ ಅತಿಯಾಯಿತೆನಿಸುತ್ತದೆ. ಎಲ್ಲರೂ ಅದರ ಕೆಳಗೇ ನಿಂತು ಫೋಟೊ ತೆಗೆಸಿಕೊಳ್ಳುವಾಗ ಪಕ್ಕದ ಸಿಲ್ವರ್ ಕಡೆ ಒಬ್ಬರೂ ಕತ್ತೆತ್ತುವುದಿಲ್ಲ. ಫೋನು ಆ ನೇರಳೆಯನ್ನು ನೀಲಿ ಮಾಡಿಬಿಡುತ್ತದೆ. ಮೋಡವಿದ್ದ ದಿನ, ಒದ್ದೆ ಡಾಂಬರಿನ ಮೇಲೆ ಉದುರಿದ ಹೂಗಳನ್ನು ತೆಗೆದಾಗ ಮಾತ್ರ ಬಣ್ಣ ನಿಜಕ್ಕೆ ಹತ್ತಿರ ಬಂದಿದೆ. ಉದುರಿದ ಹೂವಿನೊಳಗೆ ಕೆಲವೊಮ್ಮೆ ಜೇನುನೊಣ ಉಳಿದಿರುತ್ತದೆಯಾದ್ದರಿಂದ ಕೆಂಚನನ್ನು ಅದರ ಮೇಲೆ ನಡೆಸುವುದಿಲ್ಲ.

ಲಾಲ್‌ಬಾಗಿನಲ್ಲಿ ನೀವು ತೋರಿಸಿದ್ದ ಬಾಟಲ್ ಬ್ರಷ್ ಗಿಡವೂ ಇಲ್ಲಿಯದೇ, ಹಳ್ಳದ ಉದ್ದಕ್ಕೂ ಇದೆ. ಆ ಫೋಟೊದಲ್ಲಿ ಕೆಂಪು ಎಳೆಗಳ ನಡುವೆ ಕಪ್ಪು ಚುಕ್ಕೆಗಳಂತಿರುವವು ಮುಳ್ಳಿಲ್ಲದ ಜೇನುನೊಣಗಳು, ನಮ್ಮ ಮಿಸ್ರಿ ಜೇನಿನ ದಾಯಾದಿಗಳು. ಇಲ್ಲಿ ಕೆಲವರು ಹಿತ್ತಿಲಿನಲ್ಲಿ ಅವುಗಳ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆಂದು ಅಣ್ಣನಿಗೆ ಹೇಳಿ, ಅವನ ಜೇನಿನ ಹುಚ್ಚಿಗೆ ಇದೊಂದು ಸೇರಲಿ. ಲಂಟಾನದ ಫೋಟೊ ಕಳುಹಿಸಿಲ್ಲ. ಅದು ನಮ್ಮಲ್ಲಿಯಂತೆ ಇಲ್ಲಿಯೂ ಪೀಡೆಯೇ.

ನಾಯಿಯೊಡನೆ ತಿರುಗುವಾಗ ಹುಷಾರಾಗಿರಬೇಕಾದವೂ ಇವೆ. 1935ರಲ್ಲಿ ಕಬ್ಬಿನ ಹುಳುವನ್ನು ತಿನ್ನಲೆಂದು ಹವಾಯಿಯಿಂದ ತಂದು ಬಿಟ್ಟ ದೊಡ್ಡ ಕಪ್ಪೆಗಳು ಹುಳುವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಈ ರಾಜ್ಯವನ್ನೇ ತುಂಬಿಕೊಂಡಿವೆ. ಅವುಗಳ ಕಿವಿಯ ಹಿಂದಿನ ಗ್ರಂಥಿಯಲ್ಲಿ ವಿಷವಿರುವುದರಿಂದ, ಅವು ಹೊರಬೀಳುವ ಮುಸ್ಸಂಜೆಯ ನಂತರ ನಾವು ಹುಲ್ಲಿನ ಮೇಲೆ ಹೋಗುವುದಿಲ್ಲ. ಉಣುಗಿನ ವಿಷಯವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಮಂಗನ ಕಾಯಿಲೆಯ ಸೀಮೆಯ ಪಕ್ಕದವರು ನಾವು. ಇಲ್ಲಿಯ ಒಂದು ಜಾತಿಯ ಉಣುಗು ಕಚ್ಚಿದರೆ ನಾಯಿಯ ಹಿಂಗಾಲುಗಳ ಬಲ ಹೋಗಿ, ಕೊನೆಗೆ ಉಸಿರಾಟವೇ ನಿಲ್ಲುವ ಅಪಾಯವಿದೆ. ಮಾತ್ರೆ ಹಾಕಿದ್ದರೂ ಮನೆಗೆ ಬಂದ ಕೂಡಲೇ ಅವನ ಕಿವಿ, ಕುತ್ತಿಗೆ, ಬೆರಳ ಸಂದಿಗಳನ್ನು ಸವರಿ ನೋಡಿದ ಮೇಲೆಯೇ ನಾನು ಕಾಫಿ ಕುಡಿಯುವುದು.

ಕಂಡವರ ಬೇಲಿ ಎಂದಿರಲ್ಲ, ಅದಕ್ಕೂ ಉತ್ತರ ಕೊಡುತ್ತೇನೆ. ನಾನು ಕಾಲುದಾರಿ ಬಿಟ್ಟು ಒಳಗೆ ಕಾಲಿಡುವುದಿಲ್ಲ, ಕಿಟಕಿಯ ಕಡೆಗೆ ಫೋನು ಹಿಡಿಯುವುದಿಲ್ಲ, ಒಂದು ಹೂವನ್ನೂ ಕೀಳುವುದಿಲ್ಲ. ದೇವರ ಪೂಜೆಗೆಂದು ಬೆಳಕು ಹರಿಯುವ ಮುಂಚೆ ಪಕ್ಕದವರ ದಾಸವಾಳ ಕುಯ್ದು ತರುವ ನಮ್ಮ ಮನೆಯ ಪದ್ಧತಿಗೆ ಹೋಲಿಸಿದರೆ ನನ್ನದು ಸಾಧುಸ್ವಭಾವವೇ ಸರಿ. ಮನೆಯವರು ಕಂಡರೆ ಕೈಯೆತ್ತಿ ಗಿಡದ ಹೆಸರು ಕೇಳುತ್ತೇನೆ. ಬಹಳಷ್ಟು ಮಂದಿ ಹೆಸರಿನ ಜೊತೆಗೆ ಅದನ್ನು ನೆಟ್ಟ ಕಥೆಯನ್ನೂ ಹೇಳುತ್ತಾರೆ. ನಾಯಿ ಜೊತೆಗಿಲ್ಲದಿದ್ದರೆ ಇಷ್ಟು ಜನ ನನ್ನನ್ನು ಮಾತನಾಡಿಸುತ್ತಿರಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಕಾಫಿ ಕಣದ ಅಂಚಿನಲ್ಲಿರುವ ಎರಡು ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿಲ್ಲ, ಅವುಗಳ ನೆರಳು ತೋಟಕ್ಕಿಂತ ರಸ್ತೆಯ ಮೇಲೆಯೇ ಹೆಚ್ಚು ಬೀಳುತ್ತದೆ. ಮುಂದಿನ ಮರಗಸಿಯಲ್ಲಿ ಅವೆರಡನ್ನು ಮುಟ್ಟಬಾರದೆಂದು ಮೇಸ್ತ್ರಿಗೆ ಹೇಳಿ. ಒಂದೆರಡು ವರ್ಷ ಕೊಂಬೆ ಬಿಟ್ಟರೆ ಕೆಳಗಿನ ರೆಂಬೆಗಳಲ್ಲಿಯೂ ಹೂವಾಗಬಹುದು. ಹೂವಾದಾಗ ಅಣ್ಣ ಏಣಿ ಹಾಕಿ ಹತ್ತಿರದಿಂದ ಫೋಟೊ ತೆಗೆದು ಕಳುಹಿಸಲಿ. ಅಲ್ಲಿ ಲೊರಿಕೀಟ್ ಇಲ್ಲವಲ್ಲ, ಯಾವ ಯಾವ ಹಕ್ಕಿ ಬರುತ್ತದೆಂದು ನನಗೆ ತಿಳಿಯಬೇಕಾಗಿದೆ. ಸೂರಕ್ಕಿಯಂತೂ ಬಂದೇ ಬರುತ್ತದೆಂದು ನನ್ನ ಊಹೆ. ದರ ಚೆನ್ನಾಗಿರುವಾಗ ಮರವನ್ನೇ ಪ್ಲೈವುಡ್‌ನವರಿಗೆ ಕೊಟ್ಟುಬಿಡೋಣವೆಂದು ಅಣ್ಣ ಹೇಳಿದರೆ, ಉಳಿದವುಗಳನ್ನು ಕೊಡಲಿ.

ಅಜ್ಜಿಗೂ ಅಮ್ಮನಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ. ಅತ್ತಿಗೆಯನ್ನು ಕೇಳಿದೆನೆಂದು ಹೇಳಿ, ಮಕ್ಕಳಿಗೆ ಆಶೀರ್ವಾದಗಳು. ನಿಮ್ಮ ಅಳಿಯಂದಿರು ನಮಸ್ಕಾರ ಹೇಳಿದ್ದಾರೆ. ಕುಯ್ಲಿನ ನಡುವೆ ಬಿಡುವಾದಾಗ ನಾಲ್ಕು ಸಾಲು ಬರೆಯಿರಿ.

ಇತಿ ನಿಮ್ಮ ಪ್ರೀತಿಯ,
ಮಗಳು