ಒಂದೇ ಪ್ರತಿಯ ಸುತ್ತ ಹನ್ನೊಂದು ಮಕ್ಕಳು

ಗ್ರಂಥಾಲಯ ಖಾತೆಯ ಮಾನ್ಯ ಸಚಿವರಿಗೆ,

ನಮಸ್ಕಾರ. ಶಾಖಾ ಗ್ರಂಥಾಲಯವೊಂದರಲ್ಲಿ ಪ್ರತಿ ಶನಿವಾರ ಮಕ್ಕಳ ಓದುಬಳಗ ನಡೆಸುತ್ತೇನೆ. ಸಂಬಳದ ಕೆಲಸವಲ್ಲ, ನಾನಾಗಿಯೇ ಹಚ್ಚಿಕೊಂಡದ್ದು. ನಿಮ್ಮಲ್ಲಿ ಕೇಳುತ್ತಿರುವುದು ಒಂದೇ ಪುಸ್ತಕದ ಹನ್ನೆರಡು ಪ್ರತಿಗಳನ್ನು.

ನಮ್ಮ ಬಳಗದಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಕಪಾಟಿನಲ್ಲಿ ಮಕ್ಕಳ ಪುಸ್ತಕಗಳಿಗೆ ಬರವಿಲ್ಲ, ಆದರೆ ಯಾವುದನ್ನು ತೆಗೆದರೂ ಇರುವುದು ಒಂದೇ ಪ್ರತಿ. ಅದನ್ನೇ ಮೇಜಿನ ಮೇಲಿಟ್ಟು ಪುಟಕ್ಕೊಬ್ಬರಂತೆ ಗಟ್ಟಿಯಾಗಿ ಓದುತ್ತೇವೆ. ನನ್ನ ಎದುರು ಕೂರುವ ಹುಡುಗನೊಬ್ಬ ತಲೆಕೆಳಗಾದ ಪುಟವನ್ನು ಓದಲು ಕಲಿತುಬಿಟ್ಟಿದ್ದ. ನನಗೆ ಗೊತ್ತೇ ಇರಲಿಲ್ಲ. ಒಮ್ಮೆ ನಾನು ಒಂದು ಸಾಲು ಹಾರಿಸಿದಾಗ ಎದುರಿನಿಂದ ಪುಟ್ಟ ಬೆರಳೊಂದು ಬಂದು ಸರಿಯಾಗಿ ಆ ಸಾಲಿನ ಮೇಲೆ ನಿಂತಿತು. ಅವನು ಕೂತ ಕಡೆಯಿಂದ ಒತ್ತಕ್ಷರಗಳೆಲ್ಲ ಅಕ್ಷರದ ನೆತ್ತಿಯ ಮೇಲಿರುತ್ತವೆ. ಅದೂ ಅವನಿಗೆ ತೊಡಕಾಗಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗುವಾಗ ನಾಚಿಕೆಯಾಯಿತು.

ಓದುಬಳಗದ ಜೀವ ಇರುವುದೇ ಜಗಳದಲ್ಲಿ. ಒಂದೇ ಕಥೆಯನ್ನು ವಾರವಿಡೀ ಮನೆಯಲ್ಲಿ ಓದಿ ಬಂದ ಮಕ್ಕಳು ‘ಅಜ್ಜಿ ಸುಳ್ಳು ಹೇಳಿದ್ದು ಸರಿಯೇ’ ಎಂದು ಹಟ ಹಿಡಿದು ವಾದಿಸುತ್ತಾರೆ, ಪುಟ ತಿರುವಿ ಸಾಕ್ಷಿ ತೋರಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಟ್ಟೂ ನೋಡಿದೆ. ಒಬ್ಬರು ಕಥೆ ಒಪ್ಪಿಸುತ್ತಾರೆ, ಉಳಿದವರು ಆಕಳಿಸುತ್ತಾರೆ.

ಎಲ್ಲ ಗ್ರಂಥಾಲಯಗಳಿಗೂ ಎಲ್ಲ ಪುಸ್ತಕಗಳ ಹನ್ನೆರಡು ಪ್ರತಿ ಕೊಳ್ಳಿ ಎನ್ನುತ್ತಿಲ್ಲ. ಹನ್ನೆರಡು ಪ್ರತಿಗಳ ಒಂದು ಚೀಲ ಮಾಡಿ, ಆರು ಗ್ರಂಥಾಲಯಗಳಿಗೆ ಆರು ಪುಸ್ತಕಗಳ ಆರು ಚೀಲ, ತಿಂಗಳಿಗೊಮ್ಮೆ ಅದಲುಬದಲು. ಒಟ್ಟು 72 ಪ್ರತಿಗಳಲ್ಲಿ ಆರು ಬಳಗಗಳು ಆರು ತಿಂಗಳು ಓದುತ್ತವೆ. ಇದು ನನ್ನ ತಲೆಯಿಂದ ಬಂದ ಉಪಾಯವೇನಲ್ಲ. ಎಷ್ಟೋ ದೇಶಗಳ ಸಾರ್ವಜನಿಕ ಗ್ರಂಥಾಲಯಗಳು ಓದುಬಳಗಗಳಿಗೆ ಹೀಗೆ ಕಟ್ಟುಗಟ್ಟಲೆ ಎರವಲು ಕೊಡುತ್ತವೆ.

ಇನ್ನೊಂದು ಮಾತಿದೆ, ಅದು ದುಡ್ಡಿನದಲ್ಲ. ನಮ್ಮ ಗ್ರಂಥಪಾಲಕರು ಒಳ್ಳೆಯವರು. ಆದರೆ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಮನೆಗೆ ಕಳಿಸಲು ಅವರಿಗೆ ಅಳುಕು. ಒಂದು ಕಳೆದರೂ ಲೆಕ್ಕ ತಪಾಸಣೆಯ ದಿನ ತಾವೇ ತೆರಬೇಕಾದೀತು ಎಂಬ ಭಯ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳು ಇರುವುದು ಬಳಕೆಗೆ’ ಎಂಬುದು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ನಮ್ಮ ಹುಡುಗನ ಪಾಲಿಗೆ ಬಂದದ್ದು ತಲೆಕೆಳಗಾದ ಪುಸ್ತಕ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ನಮ್ಮಲ್ಲಿ ಆ ಸರಪಳಿ ದಾಸ್ತಾನು ವಹಿಯೊಳಗಿದೆ. ಮಕ್ಕಳ ಕೈಯಲ್ಲಿ ಹರಿದ, ಕಳೆದ ಪುಸ್ತಕಗಳನ್ನು ಒಂದು ಮಿತಿಯವರೆಗೆ ಸವಕಳಿ ಎಂದು ಬರೆದು ತೆಗೆಯಬಹುದು, ಹೊಣೆ ಸಿಬ್ಬಂದಿಯದಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಬೇಕಾದದ್ದು ನಿಮ್ಮ ಒಂದು ಸಹಿ.

ಉದ್ಘಾಟನೆ, ನಾಮಫಲಕ ಯಾವುದೂ ಬೇಡ. ಆ ಗದ್ದಲದಲ್ಲಿ ನಮ್ಮ ಒಂದು ಶನಿವಾರ ಹಾಳಾಗುತ್ತದೆ.

ಆ ಹುಡುಗನನ್ನು ಈಗ ನನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ. ಅವನು ಬಿಟ್ಟ ಜಾಗದಲ್ಲಿ ಅವನಿಗಿಂತ ಚಿಕ್ಕವಳೊಬ್ಬಳು ಕೂರುತ್ತಾಳೆ.

ಇಂತಿ,
ಓದುಬಳಗ ನಡೆಸುವವಳು