ಗ್ರೀಸ್ ಪ್ರವಾಸ: ನಾಫ್ಲಿಯೊದಲ್ಲಿ ತಂಗುವುದು ಮೇಲು

ಮಾನ್ಯ ಸಂಪಾದಕರೇ,

ತಮ್ಮ ಪುರವಣಿಯ ಗ್ರೀಸ್ ಪ್ರವಾಸ ಲೇಖನದಲ್ಲಿ, ಅಥೆನ್ಸಿನಿಂದ ಹೊರಟು ಕೊರಿಂತ್ ಕಾಲುವೆ, ಪ್ರಾಚೀನ ಕೋಟೆನಗರ ಮೈಸೀನಿ, ನಾಫ್ಲಿಯೊ ಪಟ್ಟಣ, ಪ್ರಾಚೀನ ರಂಗಮಂದಿರವಿರುವ ಎಪಿಡಾರಸ್‌ಗಳನ್ನು ಒಂದೇ ದಿನದಲ್ಲಿ ನೋಡಿ ಮರಳಬಹುದೆಂದು ಸೂಚಿಸಲಾಗಿದೆ. ಅಬ್ಬಿ ಜಲಪಾತ, ದುಬಾರೆ, ತಲಕಾವೇರಿಗಳನ್ನು ಒಂದೇ ಹಗಲಿನಲ್ಲಿ ಸುತ್ತಿ, ಬಹುಪಾಲು ಹೊತ್ತನ್ನು ವಾಹನದಲ್ಲೇ ಕಳೆಯುವ ಪ್ರವಾಸಿಗರನ್ನು ಕಾಣುತ್ತಿರುವ ಕೊಡಗಿನವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಸ್ವತಂತ್ರ ಗ್ರೀಸಿನ ರಾಜಧಾನಿ 1834ರಲ್ಲಿ ಅಥೆನ್ಸಿಗೆ ಹೋಗುವ ಮೊದಲು ಇದ್ದದ್ದು ನಾಫ್ಲಿಯೊದಲ್ಲಿ. ಕಡಲತೀರದ ಈ ಊರಿನಲ್ಲಿ ಮೂರು ರಾತ್ರಿ ತಂಗಿದರೆ ಟಿರಿನ್ಸ್ ಕೋಟೆ ನಾಲ್ಕೈದು ಕಿಲೋಮೀಟರಿನಲ್ಲಿದೆ. ಮೈಸೀನಿ, ಎಪಿಡಾರಸ್‌ಗಳಿಗೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಬಸ್ಸುಗಳಿವೆಯಾದರೂ ಅವುಗಳ ವೇಳೆಗೆ ನಾವು ಹೊಂದಿಕೊಳ್ಳಬೇಕು. ಕಾರು ಬಾಡಿಗೆಗೆ ಪಡೆಯುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು.

ಮೈಸೀನಿಯ ಗುಡ್ಡದ ಮೇಲೆ ನೆರಳು ಕಡಿಮೆ, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು. ಕ್ರಿಸ್ತಪೂರ್ವ ಸುಮಾರು 1250ರ ಸಿಂಹದ್ವಾರದ ಮುಂದೆ ಫೋಟೊ ತೆಗೆಸಿಕೊಂಡು ಮರಳುವವರೇ ಹೆಚ್ಚು. ಆದರೆ ರಸ್ತೆಯಲ್ಲಿ ತುಸು ಕೆಳಗಿರುವ, ಗ್ರೀಕ್ ಪುರಾಣದ ರಾಜ ಆಟ್ರಿಯಸನ ಭಂಡಾರವೆಂದು ಕರೆಯಲಾಗುವ ಸಮಾಧಿಯನ್ನು ತಪ್ಪಿಸಬಾರದು. ಒಳಗೆ ನಿಂತು ತಲೆಯೆತ್ತಿದರೆ, ಸುತ್ತು ಸುತ್ತಾಗಿ ಜೋಡಿಸಿದ ಕಲ್ಲುಗಳು ಮೇಲೇರಿದಂತೆ ಒಳಕ್ಕೆ ಚಾಚಿಕೊಂಡು, ಹದಿಮೂರು ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಒಂದಾಗಿರುವುದು ಕಾಣುತ್ತದೆ. ನನ್ನ ಮಟ್ಟಿಗೆ ಕೋಟೆಗಿಂತ ಇದೇ ದೊಡ್ಡ ಅಚ್ಚರಿ. ಎಪಿಡಾರಸ್‌ನ ರಂಗಮಂದಿರವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕು. ಬೇಸಿಗೆಯ ನಾಟಕೋತ್ಸವದ ದಿನಗಳು ಹೊಂದಿಕೊಂಡರೆ ಅಲ್ಲಿಯೇ ಕುಳಿತು ಪ್ರಾಚೀನ ನಾಟಕವನ್ನೂ ನೋಡಬಹುದು.

ಕಾಫಿ ಕೊಯ್ಲು ಮುಗಿದು ಮಕ್ಕಳಿಗೂ ರಜೆ ಸಿಗುವ ಏಪ್ರಿಲ್-ಮೇ ತಿಂಗಳುಗಳಲ್ಲೇ ನಮ್ಮ ಜಿಲ್ಲೆಯ ಅನೇಕ ಕುಟುಂಬಗಳು ಹೊರಡುವುದು. ಹವೆಗೆ ಅದು ಒಳ್ಳೆಯ ಕಾಲವೇ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು ವಿಪರೀತವಾದಾಗ ಸ್ಮಾರಕಗಳನ್ನು ಮಧ್ಯಾಹ್ನ ಮುಚ್ಚುವುದೂ ಉಂಟು. ಆದರೆ ಮೇ 1ರಂದು ಮತ್ತು ಗ್ರೀಕ್ ಚರ್ಚ್ ಆಚರಿಸುವ ಆರ್ಥೊಡಾಕ್ಸ್ ಈಸ್ಟರ್ ಭಾನುವಾರದಂದು ಅವು ತೆರೆಯುವುದಿಲ್ಲ. ಆ ಈಸ್ಟರ್ ನಮ್ಮ ಕ್ಯಾಲೆಂಡರಿನಲ್ಲಿ ಮುದ್ರಿತವಾದ ದಿನಕ್ಕಿಂತ ಕೆಲವು ವರ್ಷ ವಾರಗಟ್ಟಲೆ ತಡವಾಗಿ ಬರುತ್ತದೆ. ವಿದೇಶ ಪ್ರವಾಸದ ಲೇಖನಗಳ ಜೊತೆಗೆ ಇಂಥ ರಜಾದಿನಗಳನ್ನೂ, ಋತುವಿಗೆ ತಕ್ಕಂತೆ ಬದಲಾಗುವ ಭೇಟಿಯ ವೇಳೆಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಮಡಿಕೇರಿ