53ನೆಯ ಮಹಡಿಗೆ ಹೋಗು

ಪುಟ್ಟಿ,

ವಿಮಾನ ನಿಲ್ದಾಣದಲ್ಲಿ ನೀನು ಹಿಂತಿರುಗಿ ನೋಡಲಿಲ್ಲ. ಅದನ್ನು ಎತ್ತಿ ಆಡುವುದಕ್ಕೆ ಈ ಪತ್ರವಲ್ಲ. "ಅಮ್ಮ, ನಾನು ಹೋಗಬೇಕಾಗಿದ್ದ ಮಹಡಿ ಬೇರೆ, ನೀನು ಕಳಿಸುತ್ತಿರುವ ಮಹಡಿ ಬೇರೆ" ಎಂದೆಯಲ್ಲ ಹಿಂದಿನ ರಾತ್ರಿ, ನಾನು ಮಾತನಾಡದೆ ಅಡುಗೆಮನೆಗೆ ಹೋದೆನಲ್ಲ, ಆ ಉತ್ತರ ಬಾಕಿ ಇದೆ.

ಮೂರು ದಿನದಿಂದ ನಿನ್ನ ಆಫೀಸಿರುವ ಆ ಕಟ್ಟಡದ ಬಗ್ಗೆಯೇ ಓದುತ್ತಿದ್ದೇನೆ. ಟೋಕಿಯೊದ ರೊಪ್ಪೊಂಗಿಯಲ್ಲಿ 2003ರಲ್ಲಿ ತೆರೆದ ಮೊರಿ ಟವರ್. 54 ಮಹಡಿ, 238 ಮೀಟರ್ ಎತ್ತರ. ಕೆಳಗೆ ಕಚೇರಿಗಳು, 53ನೆಯ ಮಹಡಿಯಲ್ಲಿ ಕಲಾ ಸಂಗ್ರಹಾಲಯ. ಎಲ್ಲಕ್ಕಿಂತ ಹೆಚ್ಚು ಬಾಡಿಗೆ ತರುವ ಮೇಲಿನ ಜಾಗವನ್ನೇ ಅದನ್ನು ಕಟ್ಟಿಸಿದ ಮಿನೊರು ಮೊರಿ ಅವರು ಚಿತ್ರಗಳಿಗೆ ಬಿಟ್ಟುಕೊಟ್ಟರು. ನನ್ನ ಕೈಯಲ್ಲಿದ್ದಿದ್ದರೆ ಬಿಡುತ್ತಿರಲಿಲ್ಲ, ನಿನಗೇ ಗೊತ್ತು.

2017ರಲ್ಲಿ ಅಲ್ಲಿ ನಮ್ಮ ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ ದೊಡ್ಡ ಪ್ರದರ್ಶನ ನಡೆದಿತ್ತು. 193 ಹೊಲಿಗೆ ಯಂತ್ರಗಳು, ಕಾಲಿನಲ್ಲಿ ತುಳಿಯುವಂಥವು. ಒಂದೊಂದರಲ್ಲೂ ಒಂದೊಂದು ದೇಶದ ಬಾವುಟ, ಎಲ್ಲೆಲ್ಲೂ ದಾರದ ಸಿಕ್ಕು. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ನನ್ನ ಯಂತ್ರದಂಥವೇ. ಹರ್ಷ ಅವರು ಓದಿದ್ದು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ. ನೀನು ಅರ್ಜಿ ತಂದಿಟ್ಟಿದ್ದ ಅದೇ ಕಾವಾ.

ಆ ಹಾಳೆಯ ವಿಷಯ ಹೇಳಬೇಕು. ದಪ್ಪ ಡ್ರಾಯಿಂಗ್ ಹಾಳೆ ರವಿಕೆಯ ತೋಳಿನ ಅಳತೆಗೆ ಚೆನ್ನ, ಪೇಪರಿನಂತೆ ಸುರುಟಿಕೊಳ್ಳುವುದಿಲ್ಲ. ಗೌರಿ ಹಬ್ಬದ ಮುಂಚಿನ ಗಡಿಬಿಡಿ, ಖಾಲಿ ಹಾಳೆ ಎಂದುಕೊಂಡು ಕತ್ತರಿಸಿದೆ ಎಂದು ಅಂದು ಹೇಳಿದೆ. ಸುಳ್ಳು. ತಿರುಗಿಸಿ ನೋಡಿದ್ದೆ. ಅದರಲ್ಲಿ ನಾನಿದ್ದೆ: ಮೂಗುತಿ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು, ಯಂತ್ರದ ಮೇಲೆ ಬಗ್ಗಿದ ಬೆನ್ನು. ನನ್ನ ಬೆನ್ನು ಅಷ್ಟು ಬಗ್ಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇವಳೂ ಕೈಕೆಲಸವನ್ನೇ ನಂಬಿದರೆ ಇವಳ ಬೆನ್ನೂ ಹೀಗೇ ಆಗುತ್ತದೆ ಎಂದು ಹೊಟ್ಟೆಯಲ್ಲಿ ಭಯ ಹೊಕ್ಕಿತು. ಕತ್ತರಿ ಹಾಕಿದೆ. ಬೆನ್ನಿನ ಭಾಗ ಚಿಂದಿಯ ಜೊತೆ ಹೋಯಿತು. ಹನ್ನೊಂದು ವರ್ಷ ಉಳಿದ ತುಂಡನ್ನಿಟ್ಟು ಎಷ್ಟು ರವಿಕೆಗಳ ತೋಳು ಕತ್ತರಿಸಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಚಿತ್ರವಿದ್ದ ಮಗ್ಗುಲನ್ನು ಕೆಳಗೆ ಮಾಡಿಯೇ ಇಡುತ್ತಿದ್ದೆ. ತಪ್ಪಾಯಿತು ಮಗಳೇ. ನೀನು ಎಂಜಿನಿಯರ್ ಆದದ್ದು ನನಗೆ ಹೆಮ್ಮೆಯೇ; ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಆ ಹಾಳೆಯನ್ನು ಕತ್ತರಿಸಬಾರದಿತ್ತು.

ಟವರಿನ ಎದುರು ಹತ್ತು ಮೀಟರ್ ಎತ್ತರದ ಕಂಚಿನ ಜೇಡವಿದೆಯಲ್ಲ, ಹೊಟ್ಟೆಯಲ್ಲಿ ಅಮೃತಶಿಲೆಯ ಮೊಟ್ಟೆ ಹೊತ್ತದ್ದು, ಅದನ್ನು ಮಾಡಿದ ಲೂಯಿಸ್ ಬೂರ್ಜ್ವಾ ಅದಕ್ಕಿಟ್ಟ ಹೆಸರು 'ಮಮಾಂ', ಅಂದರೆ ಅಮ್ಮ. ಆಕೆಯ ತಾಯಿ ಹಳೆಯ ಚಿತ್ರಗಂಬಳಿಗಳ ಹರಕು ಸರಿಪಡಿಸುತ್ತಿದ್ದವರು. ದಿನವೂ ಅದರ ಕಾಲುಗಳ ಪಕ್ಕದಲ್ಲೇ ನೀನು ಕೆಲಸಕ್ಕೆ ಹೋಗುತ್ತೀಯ ಎಂದುಕೊಂಡರೆ ಎದೆ ಭಾರವಾಗುತ್ತದೆ.

ಭೂಕಂಪದ ಚಿಂತೆ ಬೇರೆ. ತೂಗಾಟ ತಡೆಯುವ ಡ್ಯಾಂಪರುಗಳಿವೆ, ಸ್ವಂತ ವಿದ್ಯುತ್ ಘಟಕವಿದೆ, 2011ರ ಭೂಕಂಪದ ನಂತರ ಅಲ್ಲಿಂದ ಹೊರಗಿನವರಿಗೂ ಕರೆಂಟು ಕೊಟ್ಟರು ಎಂದು ಅಪ್ಪ ಓದಿ ಹೇಳಿದರು. ಇರಲಿ. ಅಲುಗಿದರೆ ಗಾಜಿನ ಹತ್ತಿರ ನಿಲ್ಲಬೇಡ, ಲಿಫ್ಟ್ ಹತ್ತಬೇಡ, ರಾತ್ರಿ ಚಪ್ಪಲಿ ಹಾಸಿಗೆಯ ಪಕ್ಕದಲ್ಲೇ ಇರಲಿ. ಸಂಬಳ ಬಂದ ದಿನವೇ ಉಳಿತಾಯ ತೆಗೆದಿಡು. ಮಧ್ಯಾಹ್ನದ ಊಟ ತಪ್ಪಿಸಬೇಡ. ಗಂಟೆಗೊಮ್ಮೆ ಎದ್ದು ನಡೆ. ಬೆನ್ನು ಕಂಪ್ಯೂಟರಿನ ಮುಂದೆಯೂ ಬಗ್ಗುತ್ತದೆ.

ಸಂಗ್ರಹಾಲಯವನ್ನು ಮಂಗಳವಾರ ಸಂಜೆ ಐದಕ್ಕೇ ಮುಚ್ಚುತ್ತಾರಂತೆ, ಉಳಿದ ದಿನ ರಾತ್ರಿ ಹತ್ತರವರೆಗೆ ತೆರೆದಿರುತ್ತದಂತೆ. ಬುಧವಾರ ಕೆಲಸ ಮುಗಿಸಿ ಹೋಗು. ಟಿಕೆಟಿನ ದುಡ್ಡನ್ನು ರೂಪಾಯಿಗೆ ತಿರುಗಿಸಿ ನೋಡಬೇಡ.

ಆ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಅಂಚಿನಲ್ಲಿ ಚಾಕ್‌ಪೀಸಿನ ಗುರುತುಗಳಿವೆ, ಎರಡು ಕಡೆ ಪಿನ್ನಿನ ತೂತು. ಮುಖ ಪೂರ್ತಿ ಇದೆ. ನಾನು ಪೇಪರಿನಲ್ಲಿ ಬೇರೆ ತೋಳು ಕತ್ತರಿಸಿಕೊಂಡಿದ್ದೇನೆ.

ಅಮ್ಮ